ಎಲ್ಲರಿಗೂ ಸಲ್ಲುವ ಪ್ರಸಾದ

 

ಅನುಭಾವ ಗೋಷ್ಠಿಯಲ್ಲಿ ಕುರುಕಲು ತಿಂಡಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಗೋಷ್ಠಿ ಮುಗಿದ ಮೇಲೆ ನಾವು ಹಂಚುವುದೇನು? ಚುರಮುರಿ, ಮಿರ್ಚಿ ಭಜಿ, ಮೇಲೊಂದು ಬುಂದೆ ಉಂಡಿ. ಇಲ್ಲಿ ಕೂತ ಹಿರಿಯರಲ್ಲಿ ಸಕ್ಕರೆ ಕಾಯಿಲೆಯವರು, ಬಿ.ಪಿ. ಗುಳಿಗೆ ನುಂಗುವವರು ಬಹಳ ಜನ. ಪ್ರಸಾದವನ್ನು ಬೇಡ ಅನ್ನಬಾರದು, ಚೆಲ್ಲಬಾರದು ಎಂದು ನಾವೇ ಕಲಿಸಿದ್ದೇವೆ. ಅದಕ್ಕೇ ಅವರು ಕೈಯೊಡ್ಡಿ ತಿನ್ನುತ್ತಾರೆ. ಪ್ರಸಾದಕಾಯದ ಮಾತಾಡುವ ನಾವು ಅವರನ್ನು ಈ ಇಕ್ಕಟ್ಟಿಗೆ ದೂಡುವುದು ನನಗೆ ಸರಿ ಕಾಣುವುದಿಲ್ಲ.

ಕರಿದ ಆಲೂಗಡ್ಡೆ ಚಿಪ್ಸಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಎಣ್ಣೆಯೇ ಇರುತ್ತದೆ. ಸಾಲದ್ದಕ್ಕೆ ಉಳಿದ ಎಣ್ಣೆಯನ್ನು ಸೋಸಿಟ್ಟು ಮತ್ತೆ ಮತ್ತೆ ಕಾಯಿಸುತ್ತೇವೆ, ಅದು ಇನ್ನೂ ಕೆಡುಕು. ಆದರೆ ಗರಿಗರಿ ಬರುವುದು ಎಣ್ಣೆಯಿಂದ ಅಲ್ಲ, ಒಳಗಿನ ನೀರು ಹೋಗುವುದರಿಂದ. ಎಣ್ಣೆ ಅದನ್ನು ಬೇಗ ಕಳೆಯುತ್ತದೆ, ಒಣ ಶಾಖ ನಿಧಾನವಾಗಿ ಕಳೆಯುತ್ತದೆ, ಅಷ್ಟೇ. ಖಡಕ್ ರೊಟ್ಟಿ ಮಾಡಿದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಓವನ್ ಹೊಸದು, ವಿದ್ಯೆ ನಮ್ಮ ಅಜ್ಜಿಯರದೇ.

ನಾನು ಮಾಡುವ ಮೆಂತೆ ಬಿಲ್ಲೆ ಹೇಳುತ್ತೇನೆ. ಎರಡು ಬಟ್ಟಲು ಜೋಳದ ಹಿಟ್ಟು, ಅರ್ಧ ಬಟ್ಟಲು ಗೋಧಿ ಹಿಟ್ಟು. ಬರೀ ಜೋಳವಾದರೆ ತೆಳ್ಳಗೆ ಲಟ್ಟಿಸುವಾಗ ಹರಿಯುತ್ತದೆ, ಅದಕ್ಕೆ ಗೋಧಿ. ಸಣ್ಣಗೆ ಹೆಚ್ಚಿದ ಮೆಂತೆ ಸೊಪ್ಪು ಒಂದು ಬಟ್ಟಲು, ತುರಿದ ಗಜ್ಜರಿ ಒಂದು, ಎಳ್ಳು, ಅಜವಾನ, ಖಾರದ ಪುಡಿ, ಉಪ್ಪು ಹದವಾಗಿ, ಎಣ್ಣೆ ಎರಡೇ ಚಮಚ. ಗಜ್ಜರಿ ತುರಿಯನ್ನು ಹಿಂಡಿ, ಆ ರಸದಲ್ಲೇ ಹಿಟ್ಟು ಕಲಸಿ, ಸಾಲದಿದ್ದರೆ ಮಾತ್ರ ಬಿಸಿನೀರು. ತೆಳ್ಳಗೆ ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ಉಬ್ಬದಂತೆ ಫೋರ್ಕಿನಿಂದ ಚುಚ್ಚಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 170 ಡಿಗ್ರಿಯಲ್ಲಿ ಸುಮಾರು 20 ನಿಮಿಷ, ನಡುವೆ ಒಮ್ಮೆ ತಿರುವಿ.

ಓವನ್ ಇಲ್ಲದವರು ದಪ್ಪ ತಳದ ಬಾಣಲೆಗೆ ಒಂದು ಪದರ ಹರಳುಪ್ಪು ಹಾಕಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ 10 ನಿಮಿಷ ಕಾಯಿಸಿ. ತಟ್ಟೆಯಲ್ಲಿ ಬಿಲ್ಲೆ ಜೋಡಿಸಿ ಒಳಗಿಡಿ. ಹೊತ್ತು ಜಾಸ್ತಿ ಹಿಡಿಯುತ್ತದೆ.

ಬೀಟ್‌ರೂಟ್ ಚಿಪ್ಸಿಗೆ ತಾಳ್ಮೆ ಬೇಕು. ಕಾಗದದಷ್ಟು ತೆಳ್ಳಗೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ, 150 ಡಿಗ್ರಿಯಲ್ಲಿ ಅರ್ಧ ತಾಸಿನ ಮೇಲೆ ಬೇಕು. ಒಂದರ ಮೇಲೊಂದು ಇಟ್ಟರೆ ಹಬೆಯಲ್ಲಿ ಬೆಂದು ಪಲ್ಯವಾಗುತ್ತದೆ! ಅರ್ಧ ಕಿಲೋ ಹಾಕಿದರೆ ಒಂದು ಮುಷ್ಟಿ ಉಳಿದಂತೆ ಕಾಣುತ್ತದೆ, ತೂಕವೆಲ್ಲ ನೀರೇ. ಪೂರ್ತಿ ಆರಿದ ಮೇಲೆಯೇ ಗರಿಗರಿ. ಬಿಸಿ ಇದ್ದಾಗ ಡಬ್ಬಿಗೆ ತುಂಬಬೇಡಿ.

ಬೇಕ್ ಮಾಡಿದ್ದು ಎಂದ ಮಾತ್ರಕ್ಕೆ ಡಬ್ಬಿಗಟ್ಟಲೆ ತಿನ್ನುವಂತಿಲ್ಲ. ಜೋಳವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ನಾಲ್ಕೈದು ಬಿಲ್ಲೆ, ಜೊತೆಗೆ ಮಜ್ಜಿಗೆ ಸಾಕು. ಅಂಗಡಿಯ ‘ಬೇಕ್ಡ್’ ಪೊಟ್ಟಣ ಕೊಳ್ಳುವವರು ಹಿಂಬದಿ ಓದಿ, ಮೈದಾ, ಪಾಮ್ ಎಣ್ಣೆ, ಉಪ್ಪು ಎಷ್ಟಿದೆ ನೋಡಿ.

ಇನ್ನು ಗಂಡಸರಿಗೆ ಒಂದು ಮಾತು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯಲ್ಲಿ ಹೇಳುವವರು ಹಿಟ್ಟು ಲಟ್ಟಿಸುವಾಗ ಹೊರಗೆ ಪೇಪರ್ ಓದುತ್ತಿದ್ದರೆ ಹೇಗೆ? ಐವತ್ತು ಜನರಿಗೆ ಬಿಲ್ಲೆ ಮಾಡಲು ಒಬ್ಬ ತಾಯಿಗೆ ಇಡೀ ಮಧ್ಯಾಹ್ನ ಹೋಗುತ್ತದೆ, ನಾಲ್ವರು ಕೂತರೆ ಒಂದೂವರೆ ತಾಸು.

ಮುಂದಿನ ತಿಂಗಳ ಗೋಷ್ಠಿಗೆ ಭಜಿ ಬೇಡ, ಬಿಲ್ಲೆ ಮಾಡೋಣ ಎಂದು ಪೂಜ್ಯರಲ್ಲಿ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಐದು ಸೇರು ಜೋಳದ ಹಿಟ್ಟು ಬೇಕು. ಹಿಟ್ಟು ಕೊಡುವವರು, ಹಿಂದಿನ ದಿನ ದಾಸೋಹದ ಮನೆಗೆ ಕೆಲಸಕ್ಕೆ ಬರುವವರು ಈಗಲೇ ಹೆಸರು ಬರೆಸಿ.