ಹಳದಿ ಪುಸ್ತಕ



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡು ಎಂದಿದ್ದರು ಮೇಷ್ಟ್ರು. ಕ್ಷಮಿಸಬೇಕು, ನಾನು ಪಾಸ್‌ಪೋರ್ಟ್ ಬಗ್ಗೆ ಮಾತಾಡುತ್ತೇನೆ.

ಪಿರಿಯಾಪಟ್ಟಣದಿಂದ ಕುಶಾಲನಗರಕ್ಕೆ ಹೋಗುವ ಬಸ್ಸಿನಲ್ಲಿ ಜಪಮಾಲೆ ಎಣಿಸುತ್ತ ಕೂತ ಬೈಲಕುಪ್ಪೆಯ ಟಿಬೆಟನ್ ಅಜ್ಜಂದಿರನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿ ಕೆಲವರು ಒಂದು ಕಾಲಕ್ಕೆ ಬಂದೂಕು ಹಿಡಿದವರು ಎಂದು ನನಗೆ ಗೊತ್ತಾದದ್ದು ಬೆಂಗಳೂರಿಗೆ ಹೋದ ಮೇಲೆ, ಬೈಲಕುಪ್ಪೆಯವನೇ ಆದ ಸಹೋದ್ಯೋಗಿಯಿಂದ. ಅವನ ತಾತ 'ಚುಶಿ ಗಂಗ್‌ದ್ರುಕ್' ಪಡೆಯಲ್ಲಿದ್ದವರು. ಚೀನಾ ಸೇನೆಯನ್ನು ಎದುರಿಸಲು ಆಂಡ್ರುಕ್ ಗೊಂಪೊ ತಾಶಿ ಎಂಬ ವ್ಯಾಪಾರಿಯ ಮುಂದಾಳತ್ವದಲ್ಲಿ 1958ರಲ್ಲಿ ಕಟ್ಟಿದ ಪಡೆ ಅದು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬರುವಾಗ ದಾರಿ ಕಾದವರು ಇವರು. ಆಮೇಲೆ ತಾತನೂ ಗಡಿ ದಾಟಿ, ಕೊನೆಗೆ ನಮ್ಮ ಕಾಡಂಚಿಗೆ ಬಂದು ಮುಸುಕಿನ ಜೋಳ ಬೆಳೆದರು.

ಇಂಥವರಿಗೆ ಪಾಸ್‌ಪೋರ್ಟ್ ಕೊಡುವವರು ಯಾರು? ಯಾರ ವಿರುದ್ಧ ಹೋರಾಡಿದರೋ ಅವರನ್ನೇ ಹೋಗಿ ಕೇಳಲಾಗುವುದಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ ಅದರಲ್ಲಿ ಹೇಳಿದ ಪ್ರಯಾಣ ಪತ್ರವೂ ಇಲ್ಲಿ ಸಿಗದು. ನಮ್ಮ ಸರ್ಕಾರ ಕೊಡುವುದು ಹಳದಿ ರಟ್ಟಿನ ಐಡೆಂಟಿಟಿ ಸರ್ಟಿಫಿಕೇಟ್. ಜರ್ಮನಿಗೆ ಹೊರಟಾಗ ನನ್ನ ನೀಲಿ ಪುಸ್ತಕವನ್ನು ಎರಡು ನಿಮಿಷದಲ್ಲಿ ವಾಪಸ್ ಕೊಟ್ಟರು. ಅವನ ಹಳದಿ ಪುಸ್ತಕ ಮೂರು ಜನರ ಕೈ ಬದಲಾಯಿಸಿತು. ಅವನು ನಗುತ್ತಲೇ ನಿಂತಿದ್ದ, ಅಭ್ಯಾಸವಾಗಿತ್ತೇನೋ.

ಕಾನೂನು ಅವನ ಪರವಾಗಿಯೇ ಇದೆ. 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪ್ರಜೆಗಳು. ಇದು ಟಿಬೆಟನ್ನರಿಗೂ ಅನ್ವಯ ಎಂದು 2013ರಲ್ಲಿ ನಮ್ಮ ಹೈಕೋರ್ಟೇ ಹೇಳಿತು, 2016ರಲ್ಲಿ ದೆಹಲಿ ಹೈಕೋರ್ಟೂ ಹೇಳಿತು. ಅವನ ಅಪ್ಪ ಬೈಲಕುಪ್ಪೆಯಲ್ಲೇ ಹುಟ್ಟಿದವರು. ಹಾಗಾಗಿ ಅಪ್ಪನಿಗೂ ಹಕ್ಕುಂಟು, ಮಗನಿಗೂ ಉಂಟು. ಟಿಬೆಟ್‌ನಲ್ಲಿ ಹುಟ್ಟಿದ ತಾತನಿಗೆ ಮಾತ್ರ ಇಲ್ಲ. ಆದರೆ 2017ರಲ್ಲಿ ಷರತ್ತುಗಳು ಬಂದವು: ಪಾಸ್‌ಪೋರ್ಟ್ ಬೇಕಾದರೆ ನಿರಾಶ್ರಿತರ ನೋಂದಣಿ ಪತ್ರ ಒಪ್ಪಿಸಬೇಕು, ಟಿಬೆಟನ್ ವಸತಿ ಪ್ರದೇಶದಲ್ಲಿ ವಾಸವಿರಬಾರದು. ನನಗಂತೂ ಇದು ನ್ಯಾಯವೆನಿಸುವುದಿಲ್ಲ. ಹುಟ್ಟಿನಿಂದ ಬಂದ ಹಕ್ಕಿಗೆ ಹುಟ್ಟಿದ ಮನೆಯನ್ನೇ ಬೆಲೆ ಕಟ್ಟಿದ ಹಾಗಾಯಿತು. ಅವನು ಅರ್ಜಿ ಹಾಕಲಿಲ್ಲ. "ತಾತನನ್ನು ಬಿಟ್ಟು ಎಲ್ಲಿಗೆ ಹೋಗಲಿ ಮಾರಾಯ?" ಅಂದ.

ಒಮ್ಮೆ ಅವರ ಮನೆಗೆ ಹೋದಾಗ ತಾತ ನನ್ನ ಪಾಸ್‌ಪೋರ್ಟ್ ನೋಡಬೇಕೆಂದರು. ವೀಸಾ ಮುದ್ರೆಗಳ ಕಡೆ ಕಣ್ಣೆತ್ತಿಯೂ ನೋಡದೆ ಕೊನೆಯ ಪುಟಕ್ಕೆ ಹೋದರು. ಅಲ್ಲಿದ್ದ ವಿಳಾಸವನ್ನು ಮೊಮ್ಮಗ ಓದಿ ಹೇಳಿದ. ತಾತ ಕನ್ನಡದಲ್ಲೇ ಅಂದರು: "ಓ, ನಮ್ಮದೇ ತಾಲ್ಲೂಕು!"