ಮುದ್ರಣದಲ್ಲಿಲ್ಲದ ಪುಸ್ತಕ

(ಶತಮಾನೋತ್ಸವ ವರ್ಷದ ವಾಚನ ವಾರದ ಸಮಾರೋಪದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ವಾಚನ ವಾರದ ಕೊನೆಯ ದಿನ ಮುಖ್ಯೋಪಾಧ್ಯಾಯಿನಿಯಾದವಳು ಮಹಾಕಾವ್ಯಗಳ ಕುರಿತು ಮಾತನಾಡಬೇಕೆಂದು ತಾವು ನಿರೀಕ್ಷಿಸುವುದು ಸಹಜ. ನಾನಿಂದು ಪತ್ತೇದಾರಿ ಕಾದಂಬರಿಯ ಕುರಿತು ಮಾತನಾಡಲಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ಹಳೆಯ ತಪ್ಪು.

ಅಧ್ಯಾಪಿಕೆಯಾಗಿ ಸೇರಿದ ಹೊಸತರಲ್ಲಿ, ಎಂಟನೆಯ ತರಗತಿಯ ಹುಡುಗನೊಬ್ಬ ಸಮಾಜ ಪಾಠದ ಪುಸ್ತಕದೊಳಗೆ ಅಡಗಿಸಿಟ್ಟು ಓದುತ್ತಿದ್ದ ಕಾದಂಬರಿಯನ್ನು ಕಸಿದುಕೊಂಡಿದ್ದೆ. ಹೊದಿಕೆ ಹರಿದಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕತೆ ಎಂಬುದಷ್ಟೇ ನೆನಪು. ವರ್ಷದ ಕೊನೆಗೆ ಮರಳಿಸುವೆನೆಂದು ಹೇಳಿದೆ, ಮರಳಿಸಲಿಲ್ಲ. ಎಲ್ಲಿಟ್ಟೆನೆಂಬುದು ನನಗೇ ಮರೆತುಹೋಯಿತು. ಹುಡುಗ ಎರಡು ಬಾರಿ ಕೇಳಿದ. ಮೂರನೆಯ ಬಾರಿ ಕೇಳಲಿಲ್ಲ.

ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆವಿದ್ಯಾರ್ಥಿನಿಯೊಬ್ಬರು ಈಚೆಗೆ ನನಗೊಂದು ಪುಸ್ತಕ ಕಳುಹಿಸಿಕೊಟ್ಟರು. ಅದನ್ನು ಓದುತ್ತಿದ್ದಂತೆ ಆ ಹುಡುಗ ಮತ್ತೆ ಕಣ್ಣ ಮುಂದೆ ಬಂದ. ಪುಸ್ತಕದ ಹೆಸರು ‘ಲೇಡ್‌ಲಾ’, ಬರೆದವರು ವಿಲಿಯಂ ಮೆಕಿಲ್ವಾನಿ. 1936ರಲ್ಲಿ ಕಿಲ್ಮಾರ್ನಕ್ ಎಂಬ ಪಟ್ಟಣದಲ್ಲಿ, ಗಣಿಕೆಲಸ ಮಾಡಿದ್ದವರೊಬ್ಬರ ಮಗನಾಗಿ ಹುಟ್ಟಿದವರು. ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ಓದಿ, 1960ರಿಂದ ಹದಿನೈದು ವರ್ಷ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದರು. ಉತ್ತರ ಪತ್ರಿಕೆ ತಿದ್ದುವ ಕೈಯೇ ಕಾದಂಬರಿಯನ್ನೂ ಬರೆಯುತ್ತಿತ್ತು ಎಂಬುದು ಅಧ್ಯಾಪಕರಾದ ನಮಗೆ ಸಂತೋಷದ ಸಂಗತಿ. ಬರೆಯುವುದಕ್ಕಾಗಿ ಅವರು ಕೊನೆಗೆ ಕೆಲಸ ಬಿಟ್ಟರೆಂಬುದನ್ನು ಮಾತ್ರ ಇಲ್ಲಿ ಗಟ್ಟಿಯಾಗಿ ಹೇಳಲು ಹಿಂಜರಿಯುತ್ತೇನೆ.

1975ರಲ್ಲಿ ಪ್ರಕಟವಾದ ‘ಡೊಕರ್ಟಿ’ಗೆ ವಿಟ್‌ಬ್ರೆಡ್ ಪ್ರಶಸ್ತಿ ಬಂತು. ಅದು ಅಪರಾಧ ಕತೆಯಲ್ಲ, ಗಣಿಕಾರ್ಮಿಕ ಕುಟುಂಬದ ಕತೆ. ಅದರಲ್ಲಿನ ಒಂದು ಶಾಲಾ ಪ್ರಸಂಗವನ್ನು ಹೇಳದೆ ಮುಂದುವರಿಯಲಾರೆ. ಕಾನ್ ಎಂಬ ಹುಡುಗ ತಾನು ಬಿದ್ದ ಚರಂಡಿಯನ್ನು ಮನೆಯ ಸ್ಕಾಟ್ಸ್ ನುಡಿಯಲ್ಲಿ ಹೆಸರಿಸುತ್ತಾನೆ, ಅಷ್ಟಕ್ಕೇ ಅಧ್ಯಾಪಕರಿಂದ ಪೆಟ್ಟು ತಿನ್ನುತ್ತಾನೆ. ಅನಂತರ ಅವನು ಒಂದು ಕಾಗದದಲ್ಲಿ ಮನೆಯ ಮಾತುಗಳನ್ನೂ ಅವುಗಳ ಇಂಗ್ಲಿಷ್ ರೂಪಗಳನ್ನೂ ಎದುರುಬದುರಾಗಿ ಬರೆಯತೊಡಗುತ್ತಾನೆ. ಇಂಗ್ಲಿಷೇ ಸಿಗದ ಮಾತುಗಳು ಉಳಿಯುತ್ತವೆ. ಕಾಸರಗೋಡಿನ ಈ ಮಣ್ಣಿನಲ್ಲಿ ಮನೆಯಲ್ಲೊಂದು, ಅಂಗಡಿಯಲ್ಲೊಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನಾಡುವ ನಮ್ಮ ಮಕ್ಕಳಲ್ಲಿ ಅಂತಹ ಕಾಗದವನ್ನು ಮನಸ್ಸಿನಲ್ಲೇ ಬರೆದುಕೊಳ್ಳದವರು ಯಾರಿದ್ದಾರೆ?

ಇಷ್ಟು ಗಂಭೀರ ಲೇಖಕರು ಮುಂದಿನ ಕೃತಿಯಾಗಿ ಪೊಲೀಸ್ ಕಾದಂಬರಿಯನ್ನು ಬರೆದರು. 1977ರ ‘ಲೇಡ್‌ಲಾ’ದಲ್ಲಿ ಗ್ಲಾಸ್ಗೊ ನಗರದ ಒಬ್ಬ ಯುವತಿಯ ಕೊಲೆಯಾಗುತ್ತದೆ. ಕೊಂದವನಾರೆಂಬುದು ಓದುಗರಿಗೆ ಮೊದಲೇ ತಿಳಿದಿರುತ್ತದೆ. ಸತ್ತವಳ ತಂದೆ ಅವನನ್ನು ಹಿಡಿಯುವ ಮುನ್ನ ಪತ್ತೇದಾರ ಹಿಡಿದಾನೇ ಎಂಬುದೇ ಅಲ್ಲಿನ ಆತಂಕ. ಈ ಪತ್ತೇದಾರನ ಮೇಜಿನ ಖಾನೆಯಲ್ಲಿ ಕಿರ್ಕೆಗಾರ್ಡ್, ಕಮೂ ಮೊದಲಾದ ತತ್ತ್ವಚಿಂತಕರ ಪುಸ್ತಕಗಳಿರುತ್ತವೆ. ಕೊಲೆಗಾರನನ್ನು ಆತ ರಾಕ್ಷಸನೆಂದು ಕರೆಯಲೊಪ್ಪುವುದಿಲ್ಲ. ಇದನ್ನು ಓದುತ್ತ, ಪಠ್ಯಪುಸ್ತಕದೊಳಗೆ ಅಡಗಿಸಿಟ್ಟ ಪುಸ್ತಕಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿದ ನನ್ನ ಆ ದಿನಗಳನ್ನು ನೆನೆದು ನಾಚಿದೆ.

ಬ್ರಿಟನ್ನಿನ ಅಪರಾಧ ಲೇಖಕರ ಸಂಘದ ಬೆಳ್ಳಿ ಕಠಾರಿ ಪ್ರಶಸ್ತಿ ಈ ಕೃತಿಗೂ, 1983ರಲ್ಲಿ ಬಂದ ಇದರ ಮುಂದಿನ ಕೃತಿಗೂ ದೊರೆಯಿತು. ವರ್ಷಕ್ಕೊಂದರಂತೆ ಬರೆದಿದ್ದರೆ ಹಣ ಹರಿದುಬರುತ್ತಿತ್ತು. ಮೆಕಿಲ್ವಾನಿ ಬರೆಯಲಿಲ್ಲ. ಮೂರನೆಯ ಲೇಡ್‌ಲಾ ಕಾದಂಬರಿ ಬಂದುದು 1991ರಲ್ಲಿ. ಹದಿನಾಲ್ಕು ವರ್ಷಗಳಲ್ಲಿ ಮೂರೇ ಮೂರು. ಕಾಲಕ್ರಮದಲ್ಲಿ ಈ ಪುಸ್ತಕಗಳು ಮುದ್ರಣದಿಂದಲೇ ಮರೆಯಾದವು. ಎರಡು ಕಠಾರಿಗಳಿಗೂ ಅವುಗಳನ್ನು ಅಂಗಡಿಯ ಕಪಾಟಿನಲ್ಲಿ ಉಳಿಸಿಕೊಳ್ಳಲಾಗಲಿಲ್ಲ.

ಉಳಿಸಿದವರು ಓದುಗರು. 1985ರಲ್ಲಿ ಎಡಿನ್‌ಬರೊ ಪುಸ್ತಕೋತ್ಸವದಲ್ಲಿ ಹಸ್ತಾಕ್ಷರಕ್ಕಾಗಿ ಬಂದ ತರುಣನೊಬ್ಬ, ತಾನೂ ಲೇಡ್‌ಲಾನಂತಹ ಕತೆಯೊಂದನ್ನು ಎಡಿನ್‌ಬರೊ ನಗರದಲ್ಲಿಟ್ಟು ಬರೆಯುತ್ತಿರುವೆನೆಂದು ಸಂಕೋಚದಿಂದ ಹೇಳಿಕೊಂಡ. ಮೆಕಿಲ್ವಾನಿಯವರು ಎಡಿನ್‌ಬರೊದ ಆ ಲೇಡ್‌ಲಾನಿಗೆ ಶುಭ ಕೋರಿ ಸಹಿ ಮಾಡಿಕೊಟ್ಟರು. ಆ ತರುಣನೇ ಇಯಾನ್ ರ‍್ಯಾಂಕಿನ್. ಅವರ ರೀಬಸ್ ಸರಣಿಯ ಮೊದಲ ಪುಸ್ತಕ 1987ರಲ್ಲಿ ಬಂತು. ಇಂದು ಆ ಸರಣಿ ಲೋಕಪ್ರಸಿದ್ಧ. ಲೇಖಕರ ಪ್ರವಾಸಗಳೆಂದರೆ ಬರಿಯ ಮಾರಾಟದ ಉಪಾಯವೆಂದು ನಾನೂ ತಿಳಿದಿದ್ದೆ. ಸಹಿ ಹಾಕುವ ಮೇಜಿನ ಮುಂದಿನ ಒಂದು ನಿಮಿಷ ಇನ್ನೊಬ್ಬ ಲೇಖಕನಿಗೆ ಧೈರ್ಯ ತುಂಬಬಲ್ಲದೆಂಬುದು ನನಗೆ ತಿಳಿದಿರಲಿಲ್ಲ.

2013ರಲ್ಲಿ ಎಡಿನ್‌ಬರೊದ ಕ್ಯಾನನ್‌ಗೇಟ್ ಪ್ರಕಾಶನ ಸಂಸ್ಥೆ ಮೂರೂ ಕೃತಿಗಳನ್ನು ಮರುಮುದ್ರಿಸಿತು. ಎಪ್ಪತ್ತಾರು ದಾಟಿದ ಲೇಖಕರು ಹೊಸ ಪೀಳಿಗೆಯ ಓದುಗರ ಮುಂದೆ ನಿಂತರು. ಆ ಎರಡನೆಯ ಬಾಳು ದೀರ್ಘವಾಗಲಿಲ್ಲ; 2015ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮರುವರ್ಷದಿಂದ ಸ್ಕಾಟ್ಲೆಂಡಿನ ಶ್ರೇಷ್ಠ ಅಪರಾಧ ಕಾದಂಬರಿಗೆ ಕೊಡುವ ಪ್ರಶಸ್ತಿಗೆ ಅವರದೇ ಹೆಸರಿಟ್ಟರು. ಅವರು ಅರ್ಧಕ್ಕೆ ಬಿಟ್ಟುಹೋದ ಟಿಪ್ಪಣಿಗಳನ್ನು ರ‍್ಯಾಂಕಿನ್ ಕಾದಂಬರಿಯಾಗಿ ಪೂರ್ಣಗೊಳಿಸಿದರು. ಅದು 2021ರಲ್ಲಿ ಇಬ್ಬರ ಹೆಸರಿನಲ್ಲೂ ಪ್ರಕಟವಾಯಿತು. ಹಸ್ತಾಕ್ಷರ ಬೇಡಿ ಬಂದವನೇ ಗುರುವಿನ ಕೊನೆಯ ಪುಟಗಳನ್ನು ಬರೆದುಕೊಟ್ಟ!

ನಮ್ಮ ನರಸಿಂಹಯ್ಯನವರು ಬರೆದ ಕಾದಂಬರಿಗಳು ಐನೂರಕ್ಕೂ ಮಿಕ್ಕಿವೆ. ನಮ್ಮ ತಂದೆಯ ಪೀಳಿಗೆಯ ಅದೆಷ್ಟೋ ಮಂದಿಗೆ ಕನ್ನಡವನ್ನು ಸರಾಗವಾಗಿ ಓದುವ ರೂಢಿಯಾದುದೇ ಅವುಗಳಿಂದ. ನಮ್ಮ ಶಾಲೆಯ ಗ್ರಂಥಾಲಯದ ದಾಖಲೆ ಪುಸ್ತಕವನ್ನು ಈ ವಾರ ಮೊದಲಿನಿಂದ ಕೊನೆಯವರೆಗೂ ತಿರುವಿಹಾಕಿದೆ. ಅವರ ಒಂದು ಪುಸ್ತಕವೂ ಅದರಲ್ಲಿಲ್ಲ. ಸೇರಿಸದಿದ್ದವರಲ್ಲಿ ನಾನೂ ಒಬ್ಬಳು.

ಆದುದರಿಂದ ಹಳೆವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆಯ ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಪುರುಷೋತ್ತಮನ ಕತೆಗಳಿದ್ದರೆ ಶಾಲೆಗೆ ತಂದುಕೊಡಿ. ಹೊದಿಕೆ ಹರಿದಿದ್ದರೂ ಚಿಂತೆಯಿಲ್ಲ, ಬೈಂಡು ಹಾಕಿಸುವ ಹೊಣೆ ನನ್ನದು. ಎಂಟನೆಯ ತರಗತಿಯ ಆ ಹುಡುಗ ಇಂದು ಈ ಸಭೆಯಲ್ಲಿ ಎಲ್ಲಾದರೂ ಕುಳಿತಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ದಯವಿಟ್ಟು ಒಮ್ಮೆ ನನ್ನನ್ನು ಕಾಣಬೇಕು. ಆ ಪುಸ್ತಕದ ಹೆಸರೇನೆಂದು ನನಗೆ ತಿಳಿಯಬೇಕಾಗಿದೆ.