ಮಯಾಲ್ ಹಳ್ಳದ ಶಿಲೆ



ಎರಡು ಮನೆಗಳ ನಡುವೆ ಬೆಳೆದ ವೈರವು ಅಳಿಯಬೇಕಾದರೆ ಆಗಿಹೋದುದನ್ನು ಮರೆಯಬೇಕೆಂದು ಹಿರಿಯರು ಬುದ್ಧಿ ಹೇಳುವುದುಂಟು. ಅಂಗಳದ ಜಗಳಕ್ಕೆ ಈ ಮಾತು ಒಪ್ಪಬಹುದು. ಆದರೆ ಒಂದು ಜನಾಂಗವು ಮತ್ತೊಂದು ಜನಾಂಗದ ನೆಲವನ್ನೂ ಪ್ರಾಣವನ್ನೂ ಅಪಹರಿಸಿದಲ್ಲಿ, ಮರೆಯಿರೆಂದು ಹೇಳುವವನು ಯಾವ ಪಕ್ಷದವನೆಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಆಸ್ಟ್ರೇಲಿಯಾ ಖಂಡದಲ್ಲಿ ಬಿಳಿಯರೂ ಅಲ್ಲಿಯ ಮೂಲನಿವಾಸಿಗಳೂ ಸೌಹಾರ್ದಕ್ಕಾಗಿ ನಡೆಯಿಸುತ್ತಿರುವ ಪ್ರಯತ್ನದಲ್ಲಿ ಈ ವಿಚಾರವು ಚೆನ್ನಾಗಿ ಕಾಣಬರುವುದರಿಂದ, ಅಲ್ಲಿಯ ಒಂದು ಹಳ್ಳದ ದಂಡೆಯ ವೃತ್ತಾಂತವನ್ನು ಇಲ್ಲಿ ನಿರೂಪಿಸಲಾಗುವುದು.

1788ನೆಯ ಇಸವಿ ಜನವರಿ 26ರಂದು ಆಂಗ್ಲೇಯರು ಸಿಡ್ನಿಯಲ್ಲಿ ತಮ್ಮ ಧ್ವಜವನ್ನು ನೆಟ್ಟಾಗ ಆ ಖಂಡದಲ್ಲಿ ಜನರು ಐವತ್ತು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬಾಳಿಕೊಂಡು ಬಂದಿದ್ದರು. ಹೀಗಿದ್ದರೂ ಅದು ಒಡೆಯರಿಲ್ಲದ ನೆಲವೆಂಬಂತೆಯೇ ಕಾನೂನು ನಡೆಯಿತು. ಎಡ್ಡಿ ಮಾಬೊ ಎಂಬವರ ವ್ಯಾಜ್ಯದಲ್ಲಿ ಅಲ್ಲಿಯ ಉಚ್ಚ ನ್ಯಾಯಾಸ್ಥಾನವು ಈ ಭಾವನೆಯನ್ನು ತಳ್ಳಿಹಾಕಿದ್ದು 1992ನೆಯ ಜೂನ್ 3ರಂದು. ಮಾಬೊ ಅವರು ಅದಕ್ಕೆ ಕೆಲವು ತಿಂಗಳ ಮೊದಲೇ ತೀರಿಕೊಂಡಿದ್ದರು.

ನ್ಯೂ ಸೌತ್ ವೇಲ್ಸ್ ಪ್ರಾಂತದ ಉತ್ತರಭಾಗದಲ್ಲಿ, ಬಿಂಗಾರ ಎಂಬ ಊರಿನ ಸಮೀಪ, ಮಯಾಲ್ ಕ್ರೀಕ್ ಎಂಬ ಹಳ್ಳವು ಹರಿಯುತ್ತದೆ. 1838ರಲ್ಲಿ ಅಲ್ಲಿ ಹೆನ್ರಿ ಡ್ಯಾಂಗರ್ ಎಂಬವನ ದನಗಳ ಕಾವಲು ಇದ್ದಿತು. ವಿರಾಯರಾಯ್ ಪಂಗಡದ ಕೆಲವು ಕುಟುಂಬಗಳು ಆ ಕಾವಲಿನ ಆಳುಗಳ ನಂಬುಗೆಯ ಮೇಲೆ ಅಲ್ಲಿಯೇ ಬೀಡುಬಿಟ್ಟಿದ್ದವು. ಜೂನ್ 10ರಂದು ಅವರ ತರುಣರು ನೆರೆಯ ಕಾವಲಿಗೆ ಮರದ ತೊಗಟೆ ಕಡಿಯಲು ಹೋಗಿದ್ದ ವೇಳೆಯಲ್ಲಿ ಆಯುಧಪಾಣಿಗಳಾದ ಸವಾರರು ಬಂದು, ಉಳಿದಿದ್ದ ವೃದ್ಧರು, ಹೆಂಗಸರು, ಮಕ್ಕಳನ್ನು ಹಗ್ಗದಿಂದ ಕಟ್ಟಿ ಎಳೆದೊಯ್ದು ಕೊಂದರು. ಹತರಾದವರು 28 ಮಂದಿಗೆ ಕಡಿಮೆಯಿಲ್ಲ. ಬಳಿಕ ಹೆಣಗಳನ್ನು ಸುಟ್ಟರು. ಪ್ರಾಣಭಯದಿಂದ ಆ ಜನರು ಓಡಿಬಂದು ಆಶ್ರಯ ಬೇಡಿದ್ದು ಆಳುಗಳ ಗುಡಿಸಲಿನಲ್ಲಿ. ಆ ಆಳುಗಳಲ್ಲೊಬ್ಬನು ಕೊಲೆಗಾರರ ಜತೆಗೂಡಿಕೊಂಡನು. ಇನ್ನೊಬ್ಬನು, ಗಡೀಪಾರಾಗಿ ಬಂದ ಕೈದಿಯಾದ ಜಾರ್ಜ್ ಆಂಡರ್ಸನ್, ಕೂಡಲಿಲ್ಲ.

ಸುದ್ದಿಯು ಸರಕಾರಕ್ಕೆ ಮುಟ್ಟಿ, ಹನ್ನೊಂದು ಜನರು ಬಂಧಿತರಾದರು. ದಂಡಿನ ನಾಯಕನಾಗಿದ್ದ ಜಾನ್ ಫ್ಲೆಮಿಂಗ್ ಎಂಬವನು ಮಾತ್ರ ತಪ್ಪಿಸಿಕೊಂಡು, ಎಂದಿಗೂ ವಿಚಾರಣೆಗೆ ಒಳಗಾಗಲಿಲ್ಲ. ಆ ಕಾಲದ ನ್ಯಾಯಾಸ್ಥಾನವು ಮೂಲನಿವಾಸಿಗಳ ಸಾಕ್ಷ್ಯವನ್ನು ಸ್ವೀಕರಿಸುತ್ತಿರಲಿಲ್ಲ. ಯಾರ ಜನರು ಕೊಲೆಯಾದರೋ ಅವರ ಬಾಯನ್ನೇ ಕಟ್ಟಿದ ನ್ಯಾಯವದು! ಆದುದರಿಂದ ಆಂಡರ್ಸನ್ನನ ಮಾತಿನ ಮೇಲೆಯೇ ಬಹುಮಟ್ಟಿಗೆ ಎಲ್ಲವೂ ನಿಂತಿತು. ಮೊದಲನೆಯ ವಿಚಾರಣೆಯಲ್ಲಿ ಪಂಚರು ಅಲ್ಪಕಾಲದಲ್ಲಿಯೇ ಎಲ್ಲರನ್ನೂ ನಿರ್ದೋಷಿಗಳೆಂದರು. ಎರಡನೆಯದರಲ್ಲಿ ಏಳು ಮಂದಿ ದೋಷಿಗಳೆಂದು ತೀರ್ಮಾನವಾಗಿ, ಡಿಸೆಂಬರ್ 18ರಂದು ಗಲ್ಲಿಗೇರಿಸಲ್ಪಟ್ಟರು. ಇದರಿಂದ ಹತ್ಯೆಗಳು ನಿಂತವೇ? ಇಲ್ಲ, ಮುಂದೆ ಇನ್ನೂ ಗುಟ್ಟಾಗಿ ನಡೆದವು. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ವಿದ್ವಾಂಸರು 2017ರಿಂದ ಪ್ರಕಟಿಸಿದ ನಕ್ಷೆಯಲ್ಲಿ ಇಂತಹ ಸಾಮೂಹಿಕ ಹತ್ಯೆಗಳ ಸ್ಥಳಗಳು ನಾನೂರಕ್ಕೂ ಮಿಕ್ಕಿ ಗುರುತಿಸಲ್ಪಟ್ಟಿವೆ.

ಆ ಸೀಮೆಯಲ್ಲಿ ಬಹುಕಾಲ ಈ ವಿಷಯವನ್ನು ಎತ್ತುವವರಿರಲಿಲ್ಲ. 1960ರ ದಶಕದಲ್ಲಿ ಸ್ಮಾರಕವೊಂದನ್ನು ಕಟ್ಟಬೇಕೆಂಬ ಸೂಚನೆ ಬಂದಾಗ ಸ್ಥಳೀಯರಲ್ಲಿ ಅನೇಕರು ವಿರೋಧಿಸಿದರು. ಹಳೆಯ ಹುಣ್ಣನ್ನು ಕೆರೆಯುವುದೇಕೆಂದು ಕೇಳುವವರು ಎಲ್ಲ ದೇಶಗಳಲ್ಲಿಯೂ ಇರುವರು. ಹುಣ್ಣು ಯಾರ ಮೈಮೇಲಿದೆಯೆಂದು ಅವರು ನೋಡುವುದಿಲ್ಲ. 1998ರಲ್ಲಿ ಕ್ರೈಸ್ತಸಭೆಯ ಕೆಲವರೂ ಮೂಲನಿವಾಸಿಗಳೂ ಆ ಹಳ್ಳದ ಬಳಿಯಲ್ಲಿಯೇ ಕೂಡಿ ಸಮಾಲೋಚಿಸಿದರು. ಅದರ ಫಲವಾಗಿ 2000ನೆಯ ಜೂನ್ 10ರಂದು, ಹತ್ಯೆಯಾದ ದಿನವೇ, ದೊಡ್ಡ ಶಿಲೆಯೊಂದನ್ನು ಸ್ಥಾಪಿಸಲಾಯಿತು. ಅದರೆಡೆಗೆ ಹೋಗುವ ಅಂಕುಡೊಂಕಾದ ಹಾದಿಯುದ್ದಕ್ಕೂ ಕಲ್ಲುಗಳಲ್ಲಿ ನಡೆದ ಸಂಗತಿಯು ಆಂಗ್ಲಭಾಷೆಯಲ್ಲಿಯೂ ಆ ಜನರ ಗಮಿಲರಾಯ್ ಭಾಷೆಯಲ್ಲಿಯೂ ಬರೆಯಲ್ಪಟ್ಟಿದೆ. ಬದುಕುಳಿದವರ ವಂಶಜರೂ ಕೊಂದವರ ವಂಶಜರೂ ಅಂದು ಒಂದೇ ಸ್ಥಳದಲ್ಲಿ ನಿಂತರು. ಪೂರ್ವಿಕರ ಪಾಪದ ದಂಡವನ್ನು ಮಕ್ಕಳಿಂದ ಯಾರೂ ಕೇಳಲಿಲ್ಲ. ನಡೆದುದನ್ನು ನಡೆಯಿತೆಂದು ಒಪ್ಪುವುದಷ್ಟೇ ಬೇಡಿಕೆಯಾಗಿದ್ದಿತು. ಅದೇ ಎಲ್ಲಕ್ಕಿಂತ ಕಠಿನವಾಗಿದ್ದಿತು.

ಇದು ಎಲ್ಲರಿಗೂ ರುಚಿಸಲಿಲ್ಲ. 2005ರಲ್ಲಿ ದುರುಳರು ಫಲಕಗಳನ್ನು ಕೆಡಿಸಿದರು. ಕೊಲೆ, ಹೆಂಗಸರು, ಮಕ್ಕಳು ಎಂಬರ್ಥದ ಶಬ್ದಗಳನ್ನೇ ಆರಿಸಿ ಜಜ್ಜಿದರು. ಅವರಿಗೂ ಓದು ಬರುತ್ತಿದ್ದಿತೆಂಬುದು ಸ್ಪಷ್ಟ. 2008ರಲ್ಲಿ ಆ ಸ್ಥಳವು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು. ಅದೇ ವರ್ಷ ಫೆಬ್ರವರಿ 13ರಂದು ಪ್ರಧಾನಮಂತ್ರಿ ಕೆವಿನ್ ರಡ್ಡರು, ತಾಯಿತಂದೆಗಳಿಂದ ಬಲಾತ್ಕಾರವಾಗಿ ಅಗಲಿಸಲ್ಪಟ್ಟ ಮೂಲನಿವಾಸಿ ಮಕ್ಕಳ ವಿಷಯದಲ್ಲಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಆದರೆ 2023ನೆಯ ಅಕ್ಟೋಬರ್ 14ರಂದು, ಮೂಲನಿವಾಸಿಗಳ ಅಭಿಪ್ರಾಯವನ್ನು ಸರಕಾರಕ್ಕೆ ತಿಳಿಸುವ ಸಮಿತಿಯೊಂದಕ್ಕೆ ರಾಜ್ಯಾಂಗದಲ್ಲಿ ಸ್ಥಾನ ಕೊಡಬೇಕೇ ಎಂದು ಪ್ರಜೆಗಳನ್ನು ಕೇಳಿದಾಗ, ನೂರಕ್ಕೆ ಸುಮಾರು ಅರುವತ್ತು ಜನರು ಬೇಡವೆಂದರು. ಆರು ಪ್ರಾಂತಗಳೂ ಬೇಡವೆಂದವು.

ಈಗ ಸಿಡ್ನಿ, ಮೆಲ್ಬೋರ್ನ್ ನಗರಗಳಲ್ಲಿ ಕನ್ನಡಿಗರೂ ನೆಲಸಿರುವರು. ಅಲ್ಲಿ ಸಭೆಗಳ ಆರಂಭದಲ್ಲಿ ಆ ನೆಲದ ಮೂಲ ಒಡೆಯರನ್ನು ಸ್ಮರಿಸುವ ಪದ್ಧತಿಯುಂಟು. ಅರ್ಥವರಿಯದೆ ಹೇಳಿದರೆ ಅದೂ ಗಿಳಿಪಾಠವೇ. ಮಯಾಲ್ ಹಳ್ಳಕ್ಕೆ ಒಮ್ಮೆ ಹೋಗಿಬಂದವರ ಬಾಯಲ್ಲಿ ಆ ಮಾತು ಬೇರೆ ತೂಕವನ್ನು ಪಡೆಯುವುದು.

ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಅಲ್ಲಿ ಉಭಯ ಜನಾಂಗದವರೂ ಕೂಡುತ್ತಾರೆ. ಹಸಿ ಎಲೆಗಳನ್ನು ಸುಟ್ಟ ಹೊಗೆಯ ನಡುವೆ ಹಾಯ್ದು, ಮಕ್ಕಳನ್ನು ಕೈಹಿಡಿದುಕೊಂಡು, ಒಂದೊಂದು ಕಲ್ಲಿನ ಮುಂದೆಯೂ ನಿಂತು ಬರೆದುದನ್ನು ಓದುತ್ತ, ಕಡೆಯ ಶಿಲೆಯವರೆಗೆ ನಡೆಯುತ್ತಾರೆ.